ಉಕ್ಕಿಗೂ ಉಂಟು ದಣಿವು

ಕಾದ ಲಾಂದ್ರದ ಗಾಜಿಗೆ ಒಂದು ಹನಿ ತಣ್ಣೀರು ತಾಗಿದರೆ ಅದು ಒಡನೆಯೇ ಬಿರಿಯುತ್ತದೆ. ಉಕ್ಕು ಹಾಗಲ್ಲ, ಅದು ಸಹಿಸುತ್ತದೆ. ಆದರೆ ಒಂದು ಸಲಕ್ಕೆ ಜಗ್ಗದ ಲೋಹವೂ ಲಕ್ಷ ಸಲ ಕಾಯ್ದು ತಣಿದರೆ ದಣಿಯುತ್ತದೆ. ದಣಿದು ಒಂದು ದಿನ ಸೀಳುತ್ತದೆ. ಅಣುಶಕ್ತಿಯ ಅಪಾಯವೆಂದೊಡನೆ ನಮ್ಮ ಕಲ್ಪನೆ ಮಹಾಸ್ಫೋಟದ ಕಡೆಗೆ ಧಾವಿಸುವುದು ಸಹಜ. ಅಣುವಿದ್ಯುತ್ ಸ್ಥಾವರಗಳ ಇತ್ತೀಚಿನ ಚರಿತ್ರೆಯನ್ನು ನೋಡಿದವರಿಗಾದರೋ, ನೀರು ಹರಿಯುವ ಕೊಳವೆಗಳೇ ಎಷ್ಟು ಸಲ ತಜ್ಞರ ನಿದ್ದೆಗೆಡಿಸಿವೆ ಎಂಬುದು ಕಂಡುಬರುತ್ತದೆ.

ಸ್ಟೇನ್‌ಲೆಸ್ ಉಕ್ಕಿನ ಒಂದು ಮೀಟರ್ ಉದ್ದದ ಕೊಳವೆಯನ್ನು 100 ಡಿಗ್ರಿಯಷ್ಟು ಕಾಯಿಸಿದರೆ ಅದು ಸುಮಾರು 1.7 ಮಿಲಿಮೀಟರ್ ಹಿಗ್ಗುತ್ತದೆ. ಹಿಗ್ಗಲು ಎಡೆಯಿದ್ದರೆ ಬಾಧೆಯಿಲ್ಲ. ಎರಡು ಕೊನೆಗಳನ್ನೂ ಬಿಗಿದಿಟ್ಟರೆ ಲೋಹದೊಳಗೆ ಹುಟ್ಟುವ ಬಿಗಿತ ಅದರ ಆಕಾರವನ್ನೇ ಕೆಡಿಸಲು ಸಾಲುತ್ತದೆ. ಶಿಲ್ಪಿಗಳು ಇದನ್ನು ಬಲ್ಲರು. ಸ್ಥಾವರವನ್ನು ಎಷ್ಟು ಸಲ ಕಾಯಿಸಿ ಆರಿಸಬಹುದೆಂಬ ಲೆಕ್ಕವನ್ನು ಮೊದಲೇ ಇಟ್ಟಿರುತ್ತಾರೆ. ಆ ಲೆಕ್ಕಕ್ಕೆ ಸಿಕ್ಕದ್ದು ಬೇರೆ. ಒಂದೇ ಕೊಳವೆಯಲ್ಲಿ ಬಿಸಿನೀರು ಮೇಲೆಯೂ ತಣ್ಣೀರು ಕೆಳಗೂ ಬೆರೆಯದೆ ನಿಂತರೆ, ಮೇಲ್ಭಾಗ ಹೆಚ್ಚು ಹಿಗ್ಗಿ ಕೊಳವೆ ಬಿಲ್ಲಿನಂತೆ ಬಾಗುತ್ತದೆ. ಎರಡು ಕೊಳವೆಗಳು ಕೂಡುವೆಡೆಯಲ್ಲಿ ಬಿಸಿ ತಣ್ಣೀರುಗಳು ಹೊಯ್ದಾಡಿದರೆ, ಗೋಡೆಯ ಒಳಮೈ ಕ್ಷಣಕ್ಷಣಕ್ಕೂ ಕಾಯುತ್ತ ತಣಿಯುತ್ತ ಇರುತ್ತದೆ. ಹನಿಹನಿಗೂಡಿ ಹಳ್ಳವಾಗುವಂತೆ, ಒಂದೊಂದೂ ಅಲ್ಪವಾದ ಈ ಏರಿಳಿತಗಳು ಕೂಡಿ ಬಿರುಕಾಗುತ್ತವೆ.

1987ರ ಡಿಸೆಂಬರಿನಲ್ಲಿ ಅಮೆರಿಕದ ಅಲಬಾಮಾ ಸಂಸ್ಥಾನದ ಫಾರ್ಲಿ ಸ್ಥಾವರದಲ್ಲಿ ಆದದ್ದು ಇದೇ. ಮುಚ್ಚಿದ್ದ ಕವಾಟವೊಂದರ ಸಂದಿನಿಂದ ಒಸರಿದ ತಣ್ಣೀರು ಕೊಳವೆಯ ಬಿರುಕಿಗೆ ಕಾರಣವಾಯಿತು. ಮರುವರ್ಷ ಬೆಲ್ಜಿಯಂ ದೇಶದ ತಿಹಾಂಜ್ ಸ್ಥಾವರದಲ್ಲಿಯೂ ಅಂಥದೇ ಸೀಳು ಕಾಣಿಸಿಕೊಂಡಿತು. 1998ರ ಮೇ ತಿಂಗಳಲ್ಲಿ ಫ್ರಾನ್ಸಿನ ಸೀವೋ ಸ್ಥಾವರದ ಸರದಿ. ವಿದ್ಯುತ್ ಜಾಲಕ್ಕೆ ಸೇರಿ ಆರು ತಿಂಗಳೂ ತುಂಬದ ಹೊಚ್ಚಹೊಸ ರಿಯಾಕ್ಟರಿನ ತಂಪುಗೊಳಿಸುವ ಕೊಳವೆಯ ಬಾಗಿನಲ್ಲಿ ಸುಮಾರು 18 ಸೆಂಟಿಮೀಟರ್ ಬಿರುಕು ಬಿಟ್ಟು, ಗಂಟೆಗೆ ಸುಮಾರು 30 ಘನಮೀಟರ್ ನೀರು ಸೋರಿತು. ದಣಿವಿಗೆ ಮುಪ್ಪೇ ಬೇಕಿಲ್ಲ ಎಂಬುದನ್ನು ಸೀವೋ ತೋರಿಸಿಕೊಟ್ಟಿತು.

ಅದೇ ಸೀವೋ 2021ರಲ್ಲಿ ಮತ್ತೆ ಸುದ್ದಿಯಾಯಿತು. ಹತ್ತು ವರ್ಷಕ್ಕೊಮ್ಮೆ ನಡೆಯುವ ತಪಾಸಣೆಯಲ್ಲಿ, ಉಷ್ಣದ ದಣಿವಿನ ಗುರುತುಗಳನ್ನು ಶ್ರವಣಾತೀತ ತರಂಗಗಳಿಂದ ಹುಡುಕುತ್ತಿದ್ದವರಿಗೆ ಬೇರೊಂದು ಬಗೆಯ ಬಿರುಕು ಸಿಕ್ಕಿತು: ನೀರಿನ ರಾಸಾಯನಿಕ ಕ್ರಿಯೆ ಮತ್ತು ಲೋಹದ ಒಳಬಿಗಿತಗಳು ಕೈಗೂಡಿಸಿ ತರುವ ಬಿರುಕು. ಬಿಸಿ ತಣ್ಣೀರುಗಳು ಪದರಗಟ್ಟಿ ನಿಂತದ್ದು ಆ ಬಿಗಿತಕ್ಕೆ ಒಂದು ಕಾರಣವೆಂದು ತಜ್ಞರು ನಿರ್ಣಯಿಸಿದರು. ಬಿರಿದದ್ದು, ಅಪಘಾತವಾದಾಗ ರಿಯಾಕ್ಟರಿನ ಗರ್ಭಕ್ಕೆ ನೀರೂಡಿಸಿ ಕಾಯಬೇಕಾದ ಕೊಳವೆಗಳೇ. ಹಲವು ರಿಯಾಕ್ಟರುಗಳನ್ನು ನಿಲ್ಲಿಸಬೇಕಾಯಿತು. ಇತರ ದುರಸ್ತಿಗಳೂ ಕೂಡಿಬಂದು, 2021ರಲ್ಲಿ ಸುಮಾರು 36,000 ಕೋಟಿ ಯೂನಿಟ್ ಇದ್ದ ಫ್ರಾನ್ಸಿನ ಅಣುವಿದ್ಯುತ್ತು 2022ರಲ್ಲಿ 27,900 ಕೋಟಿಗೆ ಇಳಿಯಿತು. ನೆರೆಹೊರೆಗೆ ವಿದ್ಯುತ್ತನ್ನು ಮಾರುತ್ತಿದ್ದ ದೇಶ, ಯುದ್ಧದಿಂದ ಅನಿಲ ದುಬಾರಿಯಾಗಿದ್ದ ಆ ವರ್ಷವೇ ಕೊಳ್ಳುವ ದೇಶವಾಯಿತು. 2023ರ ಮಾರ್ಚಿನಲ್ಲಿ ಪೆನ್ಲಿಯ ಮೊದಲನೆಯ ರಿಯಾಕ್ಟರಿನಲ್ಲಿ, 27 ಮಿಲಿಮೀಟರ್ ದಪ್ಪದ ಗೋಡೆಯನ್ನು 23 ಮಿಲಿಮೀಟರಿನಷ್ಟು ಕೊರೆದಿದ್ದ ಬಿರುಕಿನ ಸಂಗತಿ ಹೊರಬಿತ್ತು. ಆ ಬೆಸುಗೆಯನ್ನು ನಿರ್ಮಾಣಕಾಲದಲ್ಲಿ ಎರಡು ಸಲ ತಿದ್ದಲಾಗಿತ್ತು. ಅದೇ ತಿಂಗಳು ಪೆನ್ಲಿಯ ಎರಡನೆಯ ಮತ್ತು ಕಾತ್ನೋಮಿನ ಮೂರನೆಯ ರಿಯಾಕ್ಟರುಗಳಲ್ಲಿ ಉಷ್ಣದ ದಣಿವಿನ ಬಿರುಕುಗಳೇ ಪತ್ತೆಯಾದವು.

ಈ ಪ್ರಸಂಗಗಳಲ್ಲಿ ಹಲವಕ್ಕೆ ಒಂದು ಸಮಾನಾಂಶವುಂಟು. ಕೊಳವೆಗಳನ್ನು ಕೆಡಿಸಿದ್ದು ಲೆಕ್ಕಹಾಕಿದ್ದ ಮಹಾತಾಪವಲ್ಲ, ಲೆಕ್ಕಕ್ಕೆ ಬಾರದ ಸಣ್ಣ ಏರಿಳಿತ. ಹಾಗಿರುವಾಗ ಹಳೆಯ ಸ್ಥಾವರಗಳ ಆಯುಸ್ಸನ್ನು ಕೇವಲ ಕಾಗದದ ಎಣಿಕೆಯಿಂದ ಹೆಚ್ಚಿಸುವುದು ಎಷ್ಟು ಸರಿ? ಫ್ರಾನ್ಸಿನ ಪರಮಾಣು ಸುರಕ್ಷಾ ಪ್ರಾಧಿಕಾರ 2021ರ ಫೆಬ್ರವರಿಯಲ್ಲಿ, 900 ಮೆಗಾವಾಟ್ ವರ್ಗದ ರಿಯಾಕ್ಟರುಗಳು 40 ವರ್ಷಗಳಾಚೆಗೂ ನಡೆಯಲು ಬೇಕಾದ ಷರತ್ತುಗಳನ್ನು ವಿಧಿಸಿತು. ಆ ಷರತ್ತುಗಳ ಬೆಲೆ ತಪಾಸಣೆಯ ಪ್ರಾಮಾಣಿಕತೆಯಷ್ಟೇ.

ಈ ಮಾತು ನಮಗೂ ದೂರದ್ದಲ್ಲ. ಉತ್ತರ ಕನ್ನಡದ ಕೈಗಾ ಸ್ಥಾವರದ ಮೊದಲನೆಯ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು, ಅಂದಿಗೆ ಲೋಕದಾಖಲೆಯನ್ನೇ ಸ್ಥಾಪಿಸಿತು. ಕೈಗಾದ ರಿಯಾಕ್ಟರು ಭಾರಜಲದ್ದು, ಫ್ರಾನ್ಸಿನ ಮಾದರಿಯದಲ್ಲ. ಅಲ್ಲಿನ ಬಿರುಕುಗಳನ್ನು ಇಲ್ಲಿ ಊಹಿಸುವುದು ಅನ್ಯಾಯ. ಆದರೂ ತತ್ತ್ವ ಒಂದೇ. ಎಡೆಬಿಡದ ಓಟ ಲೋಹಕ್ಕೆ ದೊಡ್ಡ ಕಾಯುವಿಕೆ-ತಣಿಯುವಿಕೆಗಳನ್ನು ತಪ್ಪಿಸುತ್ತದೆ. ಅಷ್ಟರ ಮಟ್ಟಿಗೆ ಅದು ಉಪಕಾರ. ಸಂದುಗಳಲ್ಲಿ ನಡೆಯುವ ಸಣ್ಣ ಹೊಯ್ದಾಟವನ್ನು ಮಾತ್ರ ಅದು ತಡೆಯಲಾರದು. ಅನೇಕ ಕೊಳವೆಗಳನ್ನು ಸಮೀಪಿಸಿ ನೋಡಬೇಕಾದರೆ ಸ್ಥಾವರ ನಿಲ್ಲಲೇಬೇಕು.

ನಡೆಸಿದ ದಿನಗಳನ್ನು ಎಣಿಸಿ ಹಿಗ್ಗುವುದು ಸುಲಭ. ದೀಪಗಳಿಗೆ ಬರವಿದ್ದ ಕಾಲದಲ್ಲಿ, ಕಣ್ಣಿಗೆ ಕಾಣದ ಒಂದು ಬಿರುಕಿಗಾಗಿ ಯಂತ್ರವನ್ನು ನಿಲ್ಲಿಸುವುದು ಕಷ್ಟ. 2022ರಲ್ಲಿ ಫ್ರಾನ್ಸು ಆ ಕಷ್ಟವನ್ನು ಅಪಾರ ನಷ್ಟದೊಡನೆ ಹೊತ್ತಿತು. ಅಣುಶಕ್ತಿಯನ್ನು ಬೇಕೆನ್ನುವ ಸಮಾಜ, ನಿಲ್ಲಿಸಿ ನೋಡುವ ಈ ವೆಚ್ಚವನ್ನೂ ವಿದ್ಯುತ್ತಿನ ಬೆಲೆಯೊಳಗೆ ಮೊದಲೇ ಸೇರಿಸಿಕೊಳ್ಳಬೇಕು.