ಆಳಂದದ ಗೂಗೆಯೂ ನಮ್ಮ ಪ್ರವಾಸಿಗರೂ

ನನ್ನ ಊರು ಮಟಕಿ ಎಂದರೆ ಬೆಂಗಳೂರಿನ ಮಿತ್ರರು “ಮಡಕೆಯೇ?” ಎಂದು ನಗುತ್ತಾರೆ. ಕಲಬುರಗಿ ಜಿಲ್ಲೆ, ಆಳಂದ ತಾಲ್ಲೂಕು ಎಂದು ಬಿಡಿಸಿ ಹೇಳಿದರೆ “ಅಲ್ಲಿ ಬಿಸಿಲು ಬಹಳ, ಅಲ್ಲವೆ?” ಎಂದು ಮಾತು ಮುಗಿಸುತ್ತಾರೆ. ಇದೇ ಮಿತ್ರರು ಲಂಡನ್ನಿನ ಬೀದಿಗಳನ್ನೂ ಪ್ಯಾರಿಸಿನ ಕಾಫಿ ಅಂಗಡಿಗಳನ್ನೂ ಕಣ್ಣಾರೆ ಕಂಡವರಂತೆ ವರ್ಣಿಸಬಲ್ಲರು. ಅವರೇನೂ ಅಲ್ಲಿಗೆ ಹೋಗಿ ಬಂದವರಲ್ಲ. ಕನ್ನಡದ ಪ್ರವಾಸ ಕಥನಗಳನ್ನು ಓದಿ ತಿಳಿದವರು. ಪುಸ್ತಕಕ್ಕೆ ಅಷ್ಟು ಶಕ್ತಿಯಿರುವಾಗ ನಮ್ಮ ನಾಡಿನ ಮೂಲೆಗಳಿಗೆ ಅದು ಏಕೆ ದಕ್ಕಲಿಲ್ಲ ಎಂಬುದೇ ನನ್ನ ತಕರಾರು.

ಆಳಂದವನ್ನು ಯಾರೂ ನೋಡಿ ಬರೆದಿಲ್ಲವೆಂದಲ್ಲ. 1470ರ ಆಸುಪಾಸಿನಲ್ಲಿ ರಷ್ಯದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಕುದುರೆಯೊಂದನ್ನು ಮಾರಲು ಬಹಮನಿ ರಾಜ್ಯಕ್ಕೆ ಬಂದಿದ್ದ. ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ಸಂತೆಗೆ ಇಪ್ಪತ್ತು ಸಾವಿರದವರೆಗೂ ಕುದುರೆಗಳು ಬರುತ್ತವೆಂದು ಬರೆದಿಟ್ಟ. ಅಲ್ಲಿ ಇರುಳು ಕೂಗುವ ಹಕ್ಕಿಯೊಂದನ್ನೂ ಬಿಡಲಿಲ್ಲ. ಅದರ ಹೆಸರು ‘ಗುಕೂಕ್’. ಅದು ಯಾವ ಮನೆಯ ಮೇಲೆ ಕೂಡುತ್ತದೆಯೋ ಆ ಮನೆಯಲ್ಲಿ ಸಾವು. ಕೊಲ್ಲಹೋದರೆ ಅದರ ಬಾಯಿಂದ ಬೆಂಕಿ ಹೊರಡುತ್ತದಂತೆ!

ಓದಿ ಮೊದಲು ನಕ್ಕೆ, ಮರುಕ್ಷಣ ಸುಮ್ಮನಾದೆ. ಮಾಳಿಗೆಯ ಮೇಲೆ ಗೂಗೆ ಕೂಗಿದರೆ ನಮ್ಮ ಅಜ್ಜಿ ಒಲೆಯ ಕೊಳ್ಳಿ ಹಿಡಿದು ಅಂಗಳಕ್ಕೆ ಓಡುತ್ತಿದ್ದಳು. ಐನೂರು ವರ್ಷಗಳ ಹಿಂದಿನ ಪರದೇಶಿಯೊಬ್ಬ ನನ್ನ ಅಜ್ಜಿಯ ಭಯವನ್ನು ಬರೆದುಕೊಂಡಿದ್ದ. ಮೂಢನಂಬಿಕೆಯೆಂದು ನಾನು ಮರೆತಿದ್ದ ಅಜ್ಜಿ ಅವನ ಪುಸ್ತಕದಿಂದ ಎದ್ದು ಬಂದಳು.

ಪ್ರವಾಸ ಕಥನವನ್ನು ಕೆಲವು ವಿಮರ್ಶಕರು ಸಾಹಿತ್ಯದ ಜಗಲಿಯಲ್ಲೇ ಕೂರಿಸುತ್ತಾರೆ, ಒಳಗೆ ಕರೆಯುವುದಿಲ್ಲ. 1980ರಲ್ಲಿ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಮೇಲೂ ಈ ಮಡಿವಂತಿಕೆ ಹೋಗಿಲ್ಲ. ಇನ್ನು ಕೆಲವರದು, ಮೊಬೈಲಿನಲ್ಲಿಯೇ ಜಗತ್ತು ಕಾಣುವಾಗ ಕಥನವೇಕೆ ಎಂಬ ಪ್ರಶ್ನೆ. ಮೊಬೈಲು ಗೋಪುರವನ್ನು ತೋರಿಸೀತು. ಗೋಪುರದ ಕೆಳಗೆ ಕುಳಿತವನ ಮನಸ್ಸನ್ನು ತೋರಿಸಬೇಕಾದರೆ ಅವನ ಪಕ್ಕದಲ್ಲಿ ಕೂತವನೊಬ್ಬ ಬೇಕು. ಬೀದರಿನ ಹಿಂದೂಗಳಿಗೆ ನಿಕಿತಿನ್ ತಾನು ಮುಸಲ್ಮಾನನಲ್ಲ, ಕ್ರೈಸ್ತನೆಂದು ಹೇಳಿಕೊಂಡ ಮೇಲೆಯೇ ಅವರು ತಮ್ಮ ಊಟ, ವ್ಯಾಪಾರ, ಪೂಜೆಗಳನ್ನು ಅವನಿಂದ ಮರೆಮಾಡುವುದನ್ನು ಬಿಟ್ಟರಂತೆ. ಹಾಗೆ ಮನೆ ಮಾತಾಗಿ ಬೆಳೆದ ಪರಿಚಯವೇ ಕಥನದ ಜೀವಾಳ.

ನಮ್ಮವರು ಈ ಕೆಲಸವನ್ನು ಮಾಡಿಯೇ ಇಲ್ಲವೆಂದರೆ ಅನ್ಯಾಯವಾದೀತು. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಓದುಗರನ್ನು ಹಂಪಿಗೆ ಕರೆದೊಯ್ದಿತು. ಕೃಷ್ಣಾನಂದ ಕಾಮತರ ‘ಬಸ್ತರ ಪ್ರವಾಸ’ ಕಾಡಿನ ಜನರನ್ನು ನಮ್ಮ ಬಳಿಗೆ ತಂದಿತು. ಆದರೆ ಭೀಮೆಯ ದಂಡೆಗೆ ಬರುವವರು ವಿರಳ. 1956ರ ನವೆಂಬರ್ 1ರಂದು ನಾವು ಒಂದೇ ರಾಜ್ಯದವರಾದೆವು. 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ನಕ್ಷೆ, ಕಾನೂನು, ಹೆಸರು ಎಲ್ಲ ಆದವು. ಪರಸ್ಪರ ಪರಿಚಯವೊಂದು ಆಗಲಿಲ್ಲ. ಪರಿಚಯವಿಲ್ಲದ ಸೀಮೆಗೆ ‘ಹಿಂದುಳಿದದ್ದು’ ಎಂಬ ಒಂದೇ ವಿಶೇಷಣ ಸಾಕೆನಿಸುತ್ತದೆ. ಬೆಂಗಳೂರಿನಲ್ಲಿ ಮನೆ ಕಟ್ಟಿಸುವಾಗ ಇಟ್ಟಿಗೆ ಹೊತ್ತವನು ಈ ಸೀಮೆಯವನೇ ಆಗಿದ್ದರೂ ಅವನ ಊರನ್ನು ಕೇಳಬೇಕೆಂದು ಯಾರಿಗೂ ತೋಚುವುದಿಲ್ಲ.

ಬರೆಯುವವರಿಗೆ ಇಲ್ಲಿ ಸಾಮಗ್ರಿಯ ಬರವೇ? ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ ಇದೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಅಮರ್ಜಾ ನದಿ ಭೀಮೆಯನ್ನು ಕೂಡುತ್ತದೆ; ದತ್ತನ ದರ್ಶನಕ್ಕೆ ಮಹಾರಾಷ್ಟ್ರದಿಂದ ಜನ ಹರಿದು ಬರುತ್ತಾರೆ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿ ಶರಣಬಸವೇಶ್ವರರು ಹುಟ್ಟಿದ ಊರು. ಒಂದೇ ಬಸ್ಸಿನಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಕಿವಿಗೆ ಬೀಳುತ್ತವೆ. ನಿಮ್ಮ ಮನೆಯ ಸಾರಿನ ತೊಗರಿಬೇಳೆ ಬೆಳೆಯುವ ಕರಿಮಣ್ಣು ಇದೇ.

ಕುದುರೆ ಮಾರಲು ಬಂದ ನಿಕಿತಿನ್ ತಿರುಗಿ ಮನೆ ಸೇರಲಿಲ್ಲ, ದಾರಿಯಲ್ಲೇ ತೀರಿಕೊಂಡ. ಅವನ ಬರಹ ಮಾತ್ರ ಮಾಸ್ಕೋ ತಲುಪಿತು. ನಮ್ಮ ಲೇಖಕರಿಗೆ ಅಷ್ಟು ಕಷ್ಟವೇನೂ ಇಲ್ಲ. ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಿಗೆ ಕಲಬುರಗಿ. ಬನ್ನಿ, ನಾಲ್ಕು ದಿನ ಇರಿ, ಜನರೊಂದಿಗೆ ಕೂತು ರೊಟ್ಟಿ ತಿನ್ನಿ, ಆಮೇಲೆ ಬರೆಯಿರಿ. ಬಿಸಿಲಿನ ಸಂಗತಿಯನ್ನೂ ಬೇಕಾದರೆ ಒಂದು ಸಾಲು ಸೇರಿಸಿ.