ದೂರು ಹೇಳದ ಕಣ್ಣು

ಹಲ್ಲು ನೋವಾದರೆ ಮಗು ಅಳುತ್ತದೆ. ಕಿವಿ ನೋವಾದರೆ ರಾತ್ರಿಯೆಲ್ಲ ಮನೆಮಂದಿಯನ್ನು ಎಬ್ಬಿಸಿ ಕೂರಿಸುತ್ತದೆ. ಹೊಟ್ಟೆನೋವಂತೂ ಇಲ್ಲದಿದ್ದರೂ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಒದಗಿಬರುತ್ತದೆ. ಕಣ್ಣು ಮಾತ್ರ ದೂರು ಹೇಳುವುದಿಲ್ಲ. ದೃಷ್ಟಿ ಮಂದವಾದ ಮಗು ‘ನನಗೆ ಕಾಣಿಸುತ್ತಿಲ್ಲ’ ಎಂದು ತಾನಾಗಿ ಹೇಳುವುದು ಅಪರೂಪ. ಅದು ಬಲ್ಲ ಜಗತ್ತೇ ಅಷ್ಟು ಮಸುಕು. ದೂರದ ತೆಂಗಿನ ಗರಿಗಳು ಎಲ್ಲರಿಗೂ ಹಸಿರು ಮುದ್ದೆಯಂತೆಯೇ ಕಾಣುತ್ತವೆಂದು ಅದರ ಎಣಿಕೆ. ಹೋಲಿಸಿ ನೋಡಲು ಅದಕ್ಕೆ ಬೇರೊಬ್ಬರ ಕಣ್ಣು ಇಲ್ಲವಷ್ಟೆ.

ಈ ಕಾರಣದಿಂದಲೇ ನಮ್ಮ ಮನೆಗಳಲ್ಲಿ ಬೆಳೆದುಬಂದಿರುವ ಒಂದು ರೂಢಿಯನ್ನು ತಂದೆತಾಯಿಗಳು ತಿದ್ದಿಕೊಳ್ಳುವುದು ಒಳ್ಳೆಯದು. ಶಾಲೆಯಿಂದ ಚೀಟಿ ಬಂದ ಮಗುವನ್ನೋ, ತಲೆನೋವೆಂದು ಗೋಳಾಡುವ ಮಗುವನ್ನೋ ಮಾತ್ರ ವೈದ್ಯರಲ್ಲಿಗೆ ಕರೆದೊಯ್ದು, ಮಿಕ್ಕವರನ್ನು ‘ಇವರಿಗೇನಾಗಿದೆ?’ ಎಂದು ಬಿಟ್ಟುಬಿಡುವುದೇ ಆ ರೂಢಿ. ಕನ್ನಡಕ ಬೇಕಾಗುವಂಥ ದೋಷಗಳೂ ಮೆಳ್ಳೆಗಣ್ಣೂ ಅನೇಕ ವೇಳೆ ವಂಶದಲ್ಲಿ ಹರಿದುಬರುತ್ತವೆ. ಒಬ್ಬರಲ್ಲಿ ಕಂಡದ್ದು ಒಡಹುಟ್ಟಿದವರಲ್ಲಿಯೂ ಅಡಗಿರುವ ಸಂಭವ ಹೆಚ್ಚು. ಹೋಗುವುದಾದರೆ ಮಕ್ಕಳನ್ನೆಲ್ಲ ಕರೆದುಕೊಂಡೇ ಹೋಗಬೇಕು.

ಮೂವರು ಮಕ್ಕಳ ಒಂದು ಸಂಸಾರವನ್ನು ಉದಾಹರಣೆಗೆ ಊಹಿಸಿಕೊಳ್ಳಬಹುದು. ಹಿರಿಯ ಮಗನಿಗೆ 13 ವರ್ಷ, ಮಗಳಿಗೆ 9, ಕಿರಿಯವನಿಗೆ 5. ಪರೀಕ್ಷೆಯಾಗಬೇಕಾದವನು ಹಿರಿಯನು ಮಾತ್ರ. ಮಗಳಿಗೆ ಆಗಾಗ ತಲೆನೋವು ಬರುವುದರಿಂದ ಅವಳೂ ಹೊರಟಳು. ಕಿರಿಯವನನ್ನು ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಆದುದರಿಂದ ಅವನೂ ಜೊತೆಗೆ ಬಂದ.

ಹಿರಿಯನ ಕಥೆ ಎಲ್ಲ ಉಪಾಧ್ಯಾಯರಿಗೂ ಪರಿಚಿತವಾದದ್ದು. ಕರಿಹಲಗೆಯ ಮೇಲಿರುವುದನ್ನು ಅವನು ಪಕ್ಕದ ಹುಡುಗನ ಪುಸ್ತಕದಿಂದ ಬರೆದುಕೊಳ್ಳುತ್ತಾನೆ. ದೂರದ ಬಸ್ಸಿನ ಹಲಗೆಯನ್ನು ಓದಲು ಕಣ್ಣು ಕಿರಿದು ಮಾಡುತ್ತಾನೆ. ಇದು ಸಮೀಪದೃಷ್ಟಿ. ಹುಟ್ಟಿದ ಮಗುವಿನ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್; ದೊಡ್ಡವರದು ಸುಮಾರು 24. ಬೆಳೆಯುವ ಭರದಲ್ಲಿ ಗುಡ್ಡೆ ಅಳತೆ ಮೀರಿ ಉದ್ದವಾದರೆ ದೂರದ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಕೂಡಿಬಿಡುತ್ತದೆ. ಒಂದೇ ಒಂದು ಮಿಲಿಮೀಟರ್ ಹೆಚ್ಚಾದರೂ ಕನ್ನಡಕದ ‘ನಂಬರು’ ಎರಡೂವರೆ ಮೂರರಷ್ಟು ಏರುತ್ತದೆ. ನಿಮ್ನ ಮಸೂರದ ಕನ್ನಡಕ ಆ ಬಿಂಬವನ್ನು ಹಿಂದಕ್ಕೆ ಸರಿಸಿ ಅದರ ಸ್ಥಾನದಲ್ಲಿ ನಿಲ್ಲಿಸುತ್ತದೆ.

‘ಕನ್ನಡಕ ಹಾಕಿದರೆ ಕಣ್ಣು ಅದಕ್ಕೇ ಒಗ್ಗಿ ಇನ್ನಷ್ಟು ಕೆಡುತ್ತದೆ’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ನಂಬರು ಏರುವುದು ಕಣ್ಣು ಬೆಳೆಯುವುದರಿಂದ, ಕನ್ನಡಕದಿಂದಲ್ಲ. ಕನ್ನಡಕ ಹಾಕದ ಹುಡುಗನ ನಂಬರೂ ಏರುತ್ತದೆ. ವ್ಯತ್ಯಾಸವಿಷ್ಟೆ, ಅವನು ಅಷ್ಟು ಕಾಲವೂ ಪಾಠವನ್ನು ಕಿವಿಯಿಂದಲೇ ಕಲಿಯಬೇಕಾಗುತ್ತದೆ.

ಮಗಳ ಸಂಗತಿ ಇದಕ್ಕೆ ವಿರುದ್ಧವಾದದ್ದು. ಗೋಡೆಯ ಮೇಲಿನ ಅಕ್ಷರಫಲಕವನ್ನು ಅವಳು ಕೊನೆಯ ಸಾಲಿನವರೆಗೂ ತಡೆಯಿಲ್ಲದೆ ಓದಿದಳು. ಹಾಲೆಂಡಿನ ನೇತ್ರವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಫಲಕ ಇಂದಿಗೂ ಈ ಪರೀಕ್ಷೆಗೆ ಆಧಾರ. ಕನ್ನಡ ಅಕ್ಷರಗಳ ಫಲಕಗಳೂ ಬಳಕೆಯಲ್ಲಿವೆ. 6 ಮೀಟರ್ ದೂರದಲ್ಲಿ ನಿಂತು, 9 ಮಿಲಿಮೀಟರಿಗೂ ತುಸು ಕಿರಿದಾದ ಅಕ್ಷರವನ್ನು ಗುರುತಿಸಿದರೆ ದೃಷ್ಟಿ 6/6. ಒಳ್ಳೆಯ ಕಣ್ಣು 60 ಮೀಟರಿನಿಂದ ಕಾಣುವ ದೊಡ್ಡ ಅಕ್ಷರವನ್ನು 6 ಮೀಟರಿನಿಂದ ಮಾತ್ರ ಕಾಣಬಲ್ಲ ಕಣ್ಣಿನ ದೃಷ್ಟಿ 6/60.

ಮಗಳದು 6/6 ಎಂದ ಮೇಲೆ ತಾಯಿಗೆ ಸಮಾಧಾನವಾದದ್ದು ಸಹಜ. ಆದರೆ ವೈದ್ಯರು ಅಲ್ಲಿಗೆ ನಿಲ್ಲಿಸಲಿಲ್ಲ. ದೂರದೃಷ್ಟಿಯ ಮಕ್ಕಳು ಕಣ್ಣೊಳಗಿನ ಸ್ನಾಯುವನ್ನು ಬಿಗಿಹಿಡಿದು ಫಲಕವನ್ನು ಸ್ಪಷ್ಟವಾಗಿಯೇ ಓದಬಲ್ಲರು. ಸಂಜೆ ಪುಸ್ತಕ ಹಿಡಿದು ಕುಳಿತಾಗ ಅದೇ ಬಿಗಿತ ತಲೆನೋವಾಗುತ್ತದೆ, ಕಣ್ಣು ನೀರಾಡುತ್ತದೆ, ಓದಿನಲ್ಲಿ ಬೇಸರ ಹುಟ್ಟುತ್ತದೆ. ಮನೆಯವರು ಅದನ್ನು ಸೋಮಾರಿತನವೆಂದು ಕರೆಯುತ್ತಾರೆ. ಆ ಸ್ನಾಯುವನ್ನು ಸಡಿಲಿಸಿ ನಿಜವಾದ ಅಳತೆಯನ್ನು ತಿಳಿಯಲೆಂದೇ ಮಕ್ಕಳಿಗೆ ಹನಿ ಹಾಕುವುದು. ಅನಂತರ ವೈದ್ಯರು ರೆಟಿನೋಸ್ಕೋಪಿನಿಂದ ಕಣ್ಣೊಳಗೆ ಬೆಳಕು ಹಾಯಿಸಿ, ಮರಳಿ ಬರುವ ಬೆಳಕಿನ ಚಲನೆಯನ್ನು ನೋಡಿ ನಂಬರು ನಿರ್ಣಯಿಸುತ್ತಾರೆ. ಇದಕ್ಕೆ ಮಗುವಿನ ಉತ್ತರವೇ ಬೇಕಿಲ್ಲ. ಮಾತು ಬಾರದ ಕೂಸಿಗೂ ಹೀಗೆ ಕನ್ನಡಕ ಬರೆದುಕೊಡಬಹುದು. ಅಣ್ಣನಿಗೆ ಕನ್ನಡಕ ಬಂತೆಂದು ತನಗೂ ಬೇಕೆಂದು ಬೇಕೆಂದೇ ತಪ್ಪು ಓದುವ ತಂಗಿಯ ಆಟವೂ ಇದರ ಮುಂದೆ ನಡೆಯದು.

ಹೆಣ್ಣುಮಗುವಿಗೆ ಕನ್ನಡಕವೆಂದೊಡನೆ ಮುಖ ಸಣ್ಣದು ಮಾಡಿಕೊಳ್ಳುವ ಹಿರಿಯರು ಇನ್ನೂ ಇದ್ದಾರೆ. ಮುಂದೆ ಮದುವೆಗೆ ತೊಡಕಾದೀತೆಂದು ಮಗಳ ಕನ್ನಡಕವನ್ನು ಪೆಟ್ಟಿಗೆಯಲ್ಲಿಡುವ ಮನೆಗಳೂ ಉಂಟು. ಬಾರದ ವರನ ಮೆಚ್ಚುಗೆಗಾಗಿ ಇಂದಿನ ಪಾಠವನ್ನು ಮಸುಕು ಮಾಡುವುದು ಯಾವ ಲೆಕ್ಕದಲ್ಲಿಯೂ ಲಾಭದ ವ್ಯಾಪಾರವಲ್ಲ.

ಇನ್ನು ಕಿರಿಯವನು. ಅಣ್ಣ ಅಕ್ಕ ಓದುವಾಗ ಮೂಲೆಯಲ್ಲಿ ಕುಳಿತಿದ್ದ ಅವನು ಸಾಲುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. ಕುರ್ಚಿಯ ಮೇಲೆ ಕೂರಿಸಿದೊಡನೆ ಮಗ್ಗಿಯಂತೆ ಒಪ್ಪಿಸಿಬಿಟ್ಟ. ತಾಯಿ ನಕ್ಕು, “ಇವನಿಗೆ ಏನೂ ತೊಂದರೆಯಿಲ್ಲ ಡಾಕ್ಟರೇ, ಆಕಾಶದಲ್ಲಿ ಹಾರುವ ಗಾಳಿಪಟದ ಬಾಲವೂ ಇವನಿಗೆ ಕಾಣುತ್ತದೆ” ಎಂದರು. ಅದು ಸುಳ್ಳಾಗಿರಲಿಲ್ಲ, ಒಂದು ಕಣ್ಣಿಗೆ ಕಾಣುತ್ತಿತ್ತು. ವೈದ್ಯರು ಫಲಕವನ್ನು ಬದಲಾಯಿಸಿ, ಆ ಕಣ್ಣನ್ನು ಕಾರ್ಡಿನಿಂದ ಮುಚ್ಚಿದರು. ಹುಡುಗ ಕತ್ತು ವಾಲಿಸಿ ಕಾರ್ಡಿನ ಅಂಚಿನಿಂದ ಇಣುಕಲು ನೋಡಿದ. ಕಾರ್ಡು ಸರಿಯಾಗಿ ಕುಳಿತ ಮೇಲೆ ಎಲ್ಲಕ್ಕೂ ದೊಡ್ಡ ಅಕ್ಷರವೂ ಅವನಿಗೆ ತೋರಲಿಲ್ಲ.

ಇದಕ್ಕೆ ಮಂದದೃಷ್ಟಿ ಅಥವಾ ‘ಸೋಮಾರಿ ಕಣ್ಣು’ ಎಂದು ಹೆಸರು. ಎರಡು ಕಣ್ಣುಗಳ ನಂಬರಿನಲ್ಲಿ ಬಹಳ ಅಂತರವಿದ್ದರೆ, ಅಥವಾ ಒಂದು ಕಣ್ಣು ಮೆಳ್ಳೆಯಾಗಿದ್ದರೆ, ಮೆದುಳು ಆ ಕಣ್ಣಿನ ಚಿತ್ರವನ್ನು ತಳ್ಳಿಹಾಕಿ ಒಳ್ಳೆಯ ಕಣ್ಣಿನಿಂದಲೇ ನೋಡಲು ಕಲಿಯುತ್ತದೆ. ಮೆದುಳಿನ ಈ ಕಲಿಕೆಯನ್ನು ಡೇವಿಡ್ ಹ್ಯೂಬೆಲ್ ಮತ್ತು ಟಾರ್‌ಸ್ಟೆನ್ ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳಲ್ಲಿ ತೋರಿಸಿಕೊಟ್ಟರು. ಎಳೆಯ ವಯಸ್ಸಿನಲ್ಲಿ ಕೆಲವು ವಾರ ಒಂದು ಕಣ್ಣನ್ನು ಮುಚ್ಚಿಟ್ಟರೆ, ತೆರೆದ ಮೇಲೆ ಕಣ್ಣು ಆರೋಗ್ಯವಾಗಿಯೇ ಇರುತ್ತಿತ್ತು. ಆದರೆ ಮೆದುಳು ಅದರ ಮಾತನ್ನು ಕೇಳುತ್ತಿರಲಿಲ್ಲ. ದೃಷ್ಟಿಯನ್ನು ಕುರಿತ ಈ ಸಂಶೋಧನೆಗಳಿಗಾಗಿ 1981ರಲ್ಲಿ ಅವರಿಬ್ಬರೂ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಮಗುವಿನಲ್ಲಿ ಈ ಕಲಿಕೆಯ ಮುಖ್ಯ ಕಾಲ ಮೊದಲ ಏಳೆಂಟು ವರ್ಷ. ಆ ಅವಧಿ ಕಳೆದ ಮೇಲೆ ಎಷ್ಟೇ ಒಳ್ಳೆಯ ಕನ್ನಡಕ ತೊಡಿಸಿದರೂ ಆ ಕಣ್ಣು ಪೂರ್ತಿ ಚುರುಕಾಗುವುದು ಕಷ್ಟ. ದೊಡ್ಡ ಮಕ್ಕಳಲ್ಲಿಯೂ ಕೆಲವರಿಗೆ ಚಿಕಿತ್ಸೆ ಫಲಿಸುತ್ತದೆಂದು 2005ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿದೆ. ಆದುದರಿಂದ ಹತ್ತು ಹನ್ನೆರಡಾದ ಮಗುವಿನ ವಿಷಯದಲ್ಲಿ ಕೈಚೆಲ್ಲಬೇಕಾಗಿಲ್ಲ. ಆದರೂ ಐದರಲ್ಲಿ ಸುಲಭವಾಗಿ ದೊರೆಯುವುದು ಹನ್ನೆರಡರಲ್ಲಿ ಹೋರಾಡಿ ಪಡೆಯಬೇಕಾದದ್ದು.

ಚಿಕಿತ್ಸೆ ಸರಳವಾದದ್ದು, ತಾಳ್ಮೆ ಮಾತ್ರ ಬೇಕು. ಕನ್ನಡಕ ತೊಡಿಸಿ, ಒಳ್ಳೆಯ ಕಣ್ಣನ್ನು ದಿನದಲ್ಲಿ ಕೆಲವು ಹೊತ್ತು ಪಟ್ಟಿಯಿಂದ ಮುಚ್ಚಬೇಕು. ಮಧ್ಯಮ ಪ್ರಮಾಣದ ದೋಷಕ್ಕೆ ದಿನಕ್ಕೆ 2 ಗಂಟೆ ಮುಚ್ಚುವುದೂ 6 ಗಂಟೆ ಮುಚ್ಚುವಷ್ಟೇ ಫಲಕಾರಿಯೆಂದು 2003ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದುಬಂದಿತು. ಎಷ್ಟು ಹೊತ್ತು ಎಂಬುದನ್ನು ವೈದ್ಯರೇ ಹೇಳಬೇಕು. “ಕಾಣುವ ಕಣ್ಣನ್ನೇ ಮುಚ್ಚುತ್ತಾರಲ್ಲ, ಪಾಪ!” ಎಂದು ಅಜ್ಜಿ ಮರುಗಿ ಪಟ್ಟಿಯನ್ನು ಬಿಚ್ಚಿಬಿಡುವುದೇ ಈ ಚಿಕಿತ್ಸೆಗೆ ಬರುವ ದೊಡ್ಡ ವಿಘ್ನ. ಅಜ್ಜಿಗೂ ಅದರ ಅರ್ಥ ತಿಳಿಸಿ, ಆ ಎರಡು ಗಂಟೆ ಚಿತ್ರ ಬಿಡಿಸುವುದನ್ನೋ ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನೋ ಹುಡುಗನೊಡನೆ ಆಟವಾಗಿ ನಡೆಸಿದರೆ ಮನೆಯೇ ಚಿಕಿತ್ಸಾಲಯವಾಗುತ್ತದೆ.

ಹಲವು ಮಕ್ಕಳನ್ನು ಒಟ್ಟಿಗೆ ಕರೆದೊಯ್ಯುವಾಗ ಕೆಲವು ವಿಷಯಗಳು ನೆನಪಿನಲ್ಲಿರಬೇಕು. ಬೆಳಗಿನ ತಿಂಡಿಯಾದ ಮೇಲೆ ಹೊರಟರೆ ಕಿರಿಯರು ನಿದ್ದೆಗೂ ಹಸಿವಿಗೂ ರಚ್ಚೆ ಹಿಡಿಯುವುದಿಲ್ಲ. ಎಲ್ಲರಿಗಿಂತ ಚಿಕ್ಕ ಮಗುವನ್ನು ಮೊದಲು ತೋರಿಸುವುದು ಲೇಸು. ಬಾಯಿಪಾಠದ ಭಯವೂ ಇಲ್ಲ, ಬೇಸರವೂ ಬಾರದು. ಕಣ್ಣನ್ನು ಬೆರಳುಗಳಿಂದ ಮುಚ್ಚಿಸಿದರೆ ಮಕ್ಕಳು ಸಂದಿಯಿಂದ ನೋಡುತ್ತಾರೆ. ಅಂಗೈಯೋ ಕಾರ್ಡೋ ಬೇಕು. ಓದುವಾಗ ತಾಯಿ ಪಿಸುಮಾತಿನಲ್ಲಿ ಅಕ್ಷರ ಹೇಳಿಕೊಡಬಾರದು. ಇದು ತರಗತಿಯ ಪರೀಕ್ಷೆಯಲ್ಲ. ಹನಿ ಹಾಕಿದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತದೆ, ಹತ್ತಿರದ ಅಕ್ಷರ ಕಲಸಿಹೋಗುತ್ತದೆ. ಕೆಲವು ಹನಿಗಳ ಪರಿಣಾಮ ಒಂದು ದಿನ. ಅಟ್ರೊಪಿನ್ ಮುಲಾಮಿನದು ಒಂದೆರಡು ವಾರದವರೆಗೂ ಇರಬಹುದು. ಆದುದರಿಂದ ಶಾಲೆಯ ಪರೀಕ್ಷೆಯ ಮುಂಚಿನ ದಿನಗಳನ್ನು ಆರಿಸಬಾರದು; ಟೋಪಿಗಳನ್ನು ಒಯ್ಯಬೇಕು; ಕೈಹಿಡಿದು ನಡೆಸಲು ಮನೆಯ ಇನ್ನೊಬ್ಬ ಹಿರಿಯರು ಜೊತೆಗಿದ್ದರೆ ಅನುಕೂಲ. ಮುಲಾಮು ಹಚ್ಚಿದ ಮೇಲೆ ಮುಖ ಕೆಂಪಾಗಿ ಜ್ವರ ಬಂದರೆ ಅದನ್ನು ನಿಲ್ಲಿಸಿ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಮುಂದಿನ ರಜೆಯವರೆಗೆ ಕಾಯಬಾರದ ಚಿಹ್ನೆಗಳೂ ಉಂಟು. ಕಣ್ಣಿನ ಪಾಪೆಯೊಳಗೆ ಬಿಳಿ ಹೊಳಪು ಕಂಡರೆ ಅದು ಹುಟ್ಟುಪೊರೆಯಿರಬಹುದು, ಪ್ರಾಣಕ್ಕೇ ಎರವಾಗುವ ಗೆಡ್ಡೆಯೂ ಇರಬಹುದು; ಒಂದು ವಾರವೂ ತಡಮಾಡತಕ್ಕದ್ದಲ್ಲ. ಮೆಳ್ಳೆಗಣ್ಣನ್ನು ಅದೃಷ್ಟದ ಗುರುತೆಂದು ಬಿಡುವುದು ಮಗುವಿನ ಒಂದು ಕಣ್ಣನ್ನೇ ಬಿಟ್ಟುಕೊಟ್ಟಂತೆ. ಮುಸ್ಸಂಜೆಯಲ್ಲಿ ಮಗು ತಡವರಿಸಿದರೆ ‘ಎ’ ಜೀವಸತ್ವದ ಕೊರತೆಯ ಇರುಳುಗಣ್ಣಿರಬಹುದು. ಇದನ್ನು ತಡೆಯಲು 1970ರಿಂದ ನಮ್ಮ ದೇಶದಲ್ಲಿ ಎಳೆಯ ಮಕ್ಕಳಿಗೆ ಆ ಜೀವಸತ್ವದ ದ್ರವವನ್ನು ಕುಡಿಸುವ ಕಾರ್ಯಕ್ರಮ ನಡೆದುಬಂದಿದೆ. ನುಗ್ಗೆಸೊಪ್ಪು, ಹರಿವೆಸೊಪ್ಪು, ಪಪಾಯಿ, ಮಾವು ಮನೆಯಲ್ಲಿಯೇ ದೊರೆಯುವ ಔಷಧಗಳು. ಆದರೆ ಸೊಪ್ಪು ತಿಂದರೆ ಕನ್ನಡಕ ಬಿಟ್ಟುಹೋಗುತ್ತದೆಂಬುದು ಮಾತ್ರ ಹುಸಿ ನಂಬಿಕೆ.

ಕನ್ನಡಕವನ್ನು ಮುಂದೂಡುವ ಒಂದು ಉಪಾಯವಿದೆ. ಅದಕ್ಕೆ ಕಾಸೂ ಬೇಡ. ಚೀನದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಮೊದಲ ತರಗತಿಯ ಸುಮಾರು 1900 ಮಕ್ಕಳನ್ನು ಮೂರು ವರ್ಷ ಗಮನಿಸಲಾಯಿತು. ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಕಳೆದ ಮಕ್ಕಳಲ್ಲಿ ಶೇಕಡ 30ರಷ್ಟು ಜನಕ್ಕೆ ಸಮೀಪದೃಷ್ಟಿ ಬಂದರೆ, ಉಳಿದವರಲ್ಲಿ ಅದು ಶೇಕಡ 39ಕ್ಕೂ ಮೀರಿತ್ತು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೊಬೈಲನ್ನು ಕಿತ್ತುಕೊಂಡು ಮೂಲೆಯಲ್ಲಿ ಕೂರಿಸುವುದಕ್ಕಿಂತ ಅಂಗಳಕ್ಕೆ ಕಳಿಸುವುದು ಮೇಲು.

ಹಣದ ಚಿಂತೆಯೂ ಅಡ್ಡಿಯಾಗಬೇಕಾಗಿಲ್ಲ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಶಾಲಾಮಕ್ಕಳ ದೃಷ್ಟಿ ತಪಾಸಣೆಯೂ, ಬಡಮಕ್ಕಳಿಗೆ ಉಚಿತ ಕನ್ನಡಕವೂ ಸೇರಿವೆ. ಶಾಲೆಗೆ ಸೇರಿಸುವ ಮುನ್ನ ಒಮ್ಮೆ, ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಪ್ರತಿ ಮಗುವಿನ ಕಣ್ಣೂ ವೈದ್ಯರ ಮುಂದೆ ಹಾದುಹೋಗಬೇಕು.

ಅಲ್ಲಿಯವರೆಗೆ ತಾಯಂದಿರು ಈ ಭಾನುವಾರವೇ ಒಂದು ಕೆಲಸ ಮಾಡಿ ನೋಡಬಹುದು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಗೋಡೆಯ ಕ್ಯಾಲೆಂಡರನ್ನು ದೂರದಿಂದ ಓದಿಸಬೇಕು. ಆಮೇಲೆ ಇನ್ನೊಂದು ಕಣ್ಣು. ಓದು ಬಾರದ ಕೂಸಾದರೆ, ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು ಇನ್ನೊಂದನ್ನು ಮುಚ್ಚಿದಾಗ ಕೈ ತಳ್ಳಿ ಅಳುತ್ತದೆಯೇ ಎಂದು ನೋಡಬೇಕು. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಆದರೆ ಎರಡು ಕಣ್ಣುಗಳ ನಡುವೆ ವ್ಯತ್ಯಾಸ ಕಂಡರೆ ಸೋಮವಾರ ಎಲ್ಲಿಗೆ ಹೋಗಬೇಕೆಂಬುದು ತಿಳಿಯುತ್ತದೆ.