ಮಲ್ಲಿತಮ್ಮನ ಸಹಿ
ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇಗುಲ 1258ರದ್ದು. ಅಲ್ಲಿನ ಹಲವು ಶಿಲ್ಪಗಳ ಕೆಳಗೆ ಮಲ್ಲಿತಮ್ಮನ ಹೆಸರಿದೆ, ಕೆತ್ತಿದವರಾರೆಂಬ ತಕರಾರಿಲ್ಲ. ತಕರಾರಿರುವುದು ಜಗತ್ತನ್ನು ಮಾಡಿದವರಾರೆಂಬುದರಲ್ಲಿ. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತೃ ಬೇಕೆಂದು ವಾದಿಸಿದವನು ನೈಯಾಯಿಕ ಉದಯನ. ಮೀಮಾಂಸಕ ಕುಮಾರಿಲ ಅದಕ್ಕೂ ಮೊದಲೇ ಕೇಳಿದ್ದ: ಮೈಯೇ ಇಲ್ಲದವನು ಸೃಷ್ಟಿಸುವುದು ಹೇಗೆ? ಮೈಯಿದ್ದರೆ ಅದನ್ನು ಮಾಡಿದವರಾರು? (ವೇದವನ್ನು ಒಪ್ಪಿಯೂ ಸೃಷ್ಟಿಕರ್ತನನ್ನು ಒಪ್ಪದವರಿದ್ದರೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.) ಕುಂಬಾರನನ್ನು ಕಂಡಿದ್ದೇವೆ, ಜಗತ್ತು ತಯಾರಾಗುವುದನ್ನು ಯಾರೂ ಕಂಡಿಲ್ಲ, ನನಗೆ ಕುಮಾರಿಲನ ಪಟ್ಟೇ ಗಟ್ಟಿ. ಆದರೆ ನಂಜನಗೂಡಿನಲ್ಲಿ ಈ ತರ್ಕ ನಡೆಯದು. ತನ್ನ ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಅಲ್ಲಿನ ದೇವರು ಶ್ರೀಕಂಠೇಶ್ವರನನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂಬ ಪ್ರತೀತಿ. ಕಪಿಲೆಯಲ್ಲಿ ಮಿಂದು ಉರುಳುಸೇವೆಗೆ ನಿಂತವರು ಕರ್ತೃವನ್ನಲ್ಲ, ವೈದ್ಯನನ್ನು ಹುಡುಕಿ ಬಂದವರು. ಟಿಪ್ಪು ಕೊಟ್ಟನೆನ್ನುವ ಪಚ್ಚೆಲಿಂಗ ಇಂದಿಗೂ ಅಲ್ಲೇ ಇದೆ.